ಮಗುವಿಗೆ ಪದೇ ಪದೇ ಹುಷಾರಿಲ್ಲದಾಗ: ಚಿಂತೆಯ ಇರುಮುಡಿ ಕಟ್ಟುವುದು ಹೇಗೆ?

॥ ಸ್ವಾಮಿಯೇ ಶರಣಂ ಅಯ್ಯಪ್ಪ ॥



ಈ ವಾರದ ಪಾಠ ಪೂಜೆಯದ್ದಲ್ಲ, ಮನೆಯದ್ದು. ನಮ್ಮ ಹಿಂಜವಾಡಿ, ವಾಕಡ್, ಮಾರುಂಜಿ, ಮಾಣ್ ಭಾಗದ ಕನ್ನಡದ ಸ್ವಾಮಿಗಳಲ್ಲಿ ಬಹಳ ಜನ ಈಗಷ್ಟೇ ತಂದೆಯಾದವರು. ನವೆಂಬರ್ ಮಧ್ಯದಲ್ಲಿ ಮಾಲೆ ಹಾಕುತ್ತೇವೆ. ಅದೇ ಹೊತ್ತಿಗೆ ಪುಣೆಯಲ್ಲಿ ಚಳಿ ಇಳಿಯುತ್ತದೆ, ಮಗುವಿನ ಮೂಗು ಸೋರುತ್ತದೆ, ರಾತ್ರಿ ಮೈ ಕಾಯುತ್ತದೆ. ಹತ್ತು ದಿನಕ್ಕೆ ಗುಣವಾಯಿತು ಅನ್ನುವಷ್ಟರಲ್ಲಿ ಮತ್ತೆ ಕೆಮ್ಮು. ಆಗ ಸ್ವಾಮಿಗಳ ಬಾಯಲ್ಲಿ ಬರುವ ಪ್ರಶ್ನೆಗಳು ಮೂರೇ:

1. ಮಗುವಿಗೆ ಇಷ್ಟು ಸಲ ಹುಷಾರು ತಪ್ಪುವುದು ಸಹಜವೇ?
2. ನನ್ನ ವ್ರತದಲ್ಲಿ ಏನಾದರೂ ಲೋಪವಾಗಿದೆಯೇ?
3. ಇಂಥ ಸ್ಥಿತಿಯಲ್ಲಿ ಮಲೆಗೆ ಹೋಗಬೇಕೋ ಬೇಡವೋ?

ಮೂರಕ್ಕೂ ಒಂದೊಂದಾಗಿ ಉತ್ತರ ನೋಡೋಣ. ಮೊದಲೇ ಹೇಳಿಬಿಡುತ್ತೇನೆ, ನಾನು ವೈದ್ಯನಲ್ಲ. ಡಿಪ್ಲೊಮಾ ಮುಗಿಸಿ ಇಲ್ಲಿ ಐಟಿ ಸಪೋರ್ಟ್ ಕೆಲಸ ಮಾಡುವವನು, ಎರಡು ವರ್ಷದ ಮಗುವಿನ ತಂದೆ. ಇಲ್ಲಿರುವ ಆರೋಗ್ಯದ ವಿಷಯ ಮಕ್ಕಳ ವೈದ್ಯರು ಎಲ್ಲರಿಗೂ ಹೇಳುವಂಥದ್ದು. ನಿಮ್ಮ ಮಗುವಿನ ವಿಷಯದಲ್ಲಿ ನಿಮ್ಮ ವೈದ್ಯರ ಮಾತೇ ಕೊನೆಯದು.

1. ಲೆಕ್ಕ ಹಾಕಿ ನೋಡೋಣ

ಊರಲ್ಲಿ ನಾವು ಬೆಳೆದ ಮನೆಗೂ ಇಲ್ಲಿ ನಮ್ಮ ಮಕ್ಕಳು ಬೆಳೆಯುವ ಮನೆಗೂ ವ್ಯತ್ಯಾಸವಿದೆ. ಅಜ್ಜ ಅಜ್ಜಿ ವಿಜಯಪುರದಲ್ಲೋ ಕಲಬುರಗಿಯಲ್ಲೋ ಇರುತ್ತಾರೆ. ಗಂಡ ಹೆಂಡತಿ ಇಬ್ಬರಿಗೂ ಶಿಫ್ಟ್. ಮಗು ಒಂದೂವರೆ ವರ್ಷಕ್ಕೇ ಪಾಳಣಾಘರಕ್ಕೆ ಹೋಗುತ್ತದೆ. ಅಲ್ಲಿ ಹತ್ತು ಹದಿನೈದು ಮಕ್ಕಳು, ಒಂದೇ ಕೋಣೆ, ಅವೇ ಆಟದ ಸಾಮಾನು. ಹೊರಗೆ ಬಂದರೆ ಕಟ್ಟಡ ಕೆಲಸದ ಧೂಳು, ಫೇಸ್-1ರಿಂದ ಫೇಸ್-3ರವರೆಗೆ ವಾಹನಗಳ ಹೊಗೆ.

ಐದು ವರ್ಷದೊಳಗಿನ ಆರೋಗ್ಯವಂತ ಮಗುವಿಗೂ ವರ್ಷಕ್ಕೆ ಆರರಿಂದ ಎಂಟು ಸಲ ನೆಗಡಿ ಬರುವುದು ಸಾಮಾನ್ಯ. ಪಾಳಣಾಘರಕ್ಕೆ ಹೋಗುವ ಮಗುವಿಗೆ ಮೊದಲ ವರ್ಷ ಇನ್ನೂ ಹೆಚ್ಚು ಸಲ ಬರಬಹುದು. ನೆಗಡಿ ತರುವ ವೈರಸ್‌ಗಳು 200ಕ್ಕೂ ಹೆಚ್ಚು. ಒಂದನ್ನು ಗೆದ್ದ ಮೈ ಅದನ್ನು ನೆನಪಿಟ್ಟುಕೊಳ್ಳುತ್ತದೆ, ಆದರೆ ಮುಂದಿನ ವಾರ ಬರುವುದು ಇನ್ನೊಂದು. ಒಂದು ನೆಗಡಿ ಏಳರಿಂದ ಹತ್ತು ದಿನ ಇರುತ್ತದೆ, ಕೆಮ್ಮು ಎರಡು ವಾರದವರೆಗೂ ಎಳೆಯಬಹುದು.

ಈಗ ಗುಣಿಸಿ. ಎಂಟು ನೆಗಡಿ, ಒಂದೊಂದಕ್ಕೆ ಹತ್ತು ದಿನ, ಒಟ್ಟು 80 ದಿನ. ಅದರಲ್ಲಿ ಹೆಚ್ಚಿನವು ಮಳೆಗಾಲ ಮತ್ತು ಚಳಿಗಾಲದಲ್ಲೇ ಬರುತ್ತವೆ. ಅಂದರೆ ಈ ತಿಂಗಳುಗಳಲ್ಲಿ ಮಗುವಿಗೆ "ಯಾವಾಗಲೂ ಹುಷಾರಿಲ್ಲ" ಅಂತ ಅನಿಸುವುದು ನಿಮ್ಮ ಭ್ರಮೆಯಲ್ಲ, ಹಾಗಂತ ಅದು ದೊಡ್ಡ ರೋಗದ ಗುರುತೂ ಅಲ್ಲ. ನೆಗಡಿಗಳ ನಡುವೆ ಮಗು ಆಡುತ್ತಿದೆಯೇ, ಉಣ್ಣುತ್ತಿದೆಯೇ, ತೂಕ ಏರುತ್ತಿದೆಯೇ? ಹೌದಾದರೆ ಮಗುವಿನ ಮೈ ತನ್ನ ಕೆಲಸ ಕಲಿಯುತ್ತಿದೆ.

2. "ವ್ರತದಲ್ಲಿ ಲೋಪ ಆಗೇತೇನು?"

ಊರಿಂದ ಫೋನ್ ಬರುತ್ತದೆ. "ಕೂಸಿಗೆ ದೃಷ್ಟಿ ಆಗೇತಿ", "ಮಾಲಿ ಹಾಕ್ಕೊಂಡಾಗ ಏನರ ಮೈಲಿಗಿ ಆಗಿರಬೇಕು ನೋಡ್ರಿ." ಹೇಳುವವರ ಪ್ರೀತಿಯಲ್ಲಿ ಸಂಶಯವಿಲ್ಲ. ಅಮ್ಮ ದೃಷ್ಟಿ ತೆಗೆದರೆ ತೆಗೆಯಲಿ, ಅವರ ಮನಸ್ಸಿಗೂ ಸಮಾಧಾನ ಬೇಕು. ಆದರೆ "ಲೋಪ" ಎಂಬ ಮಾತು ಮನಸ್ಸಿನೊಳಗೆ ಕೂತರೆ ಅದು ಇಬ್ಬರನ್ನು ಸುಡುತ್ತದೆ. ತಂದೆ ತನ್ನನ್ನು ತಾನೇ ಬೈದುಕೊಳ್ಳುತ್ತಾನೆ, ಇಲ್ಲವೇ ಹೆಂಡತಿಯನ್ನು ಬೈಯುತ್ತಾನೆ. "ತಣ್ಣೀರು ಕೊಟ್ಟೆ, ಸ್ವೆಟರ್ ಹಾಕಲಿಲ್ಲ" ಅಂತ ಮಗುವಿನ ತಾಯಿಯ ಮೇಲೆ ತಪ್ಪು ಹೊರಿಸುವುದು ವ್ರತ ಹಿಡಿದವರ ಬಾಯಿಗೆ ತಕ್ಕದ್ದಲ್ಲ. ವಾಕ್ ಸಂಯಮವೂ ನಮ್ಮ 41 ದಿನದ ನಿಯಮವೇ.

ನಾವು ಶರಣು ಕೂಗುವ ಸ್ವಾಮಿ ಎಂಥವನು? ಮಣಿಕಂಠನ ಕಥೆ ನೆನೆಸಿಕೊಳ್ಳಿ. ವಿದ್ಯೆ ಮುಗಿದಾಗ ಗುರು ಕೇಳಿದ ದಕ್ಷಿಣೆ ಏನು? ಕಣ್ಣು ಕಾಣದ, ಮಾತು ಬಾರದ ತನ್ನ ಮಗನನ್ನು ಗುಣಪಡಿಸು ಎಂದು. ಮಣಿಕಂಠ ಆ ಮಗುವಿನ ತಲೆಯ ಮೇಲೆ ಕೈಯಿಟ್ಟ ಎಂದು ನಮ್ಮ ಹಿರಿಯರು ಹೇಳುತ್ತಾರೆ. ಒಬ್ಬ ತಂದೆಯ ಸಂಕಟಕ್ಕೆ ಹೀಗೆ ಕರಗಿದವನು, ನಮ್ಮ ನಿಯಮದಲ್ಲಿ ಒಂದು ದಿನ ಹೆಚ್ಚು ಕಡಿಮೆಯಾಯಿತೆಂದು ಎರಡು ವರ್ಷದ ಕೂಸಿಗೆ ಜ್ವರ ಕೊಡುತ್ತಾನೆಯೇ? ವ್ರತ ವ್ಯಾಪಾರವಲ್ಲ ಸ್ವಾಮಿ. ನಾನು ಇಷ್ಟು ಮಾಡಿದೆ, ನೀನು ಇಷ್ಟು ಕೊಡು ಎಂಬ ಲೆಕ್ಕ ಇಲ್ಲಿಲ್ಲ. ಹಾಗಾಗಿ ದಂಡದ ಲೆಕ್ಕವೂ ಇಲ್ಲ.

3. ಪಂದಳದ ತಂದೆ

ಮಣಿಕಂಠನ ಕಥೆಯನ್ನು ಯಾವಾಗಲೂ ಮಗನ ಕಡೆಯಿಂದ ಕೇಳುತ್ತೇವೆ. ಒಮ್ಮೆ ಪಂದಳದ ರಾಜಶೇಖರನ ಕಡೆಯಿಂದ ನೋಡಿ. ಪಂಪಾ ತೀರದಲ್ಲಿ ಸಿಕ್ಕ ಕೂಸನ್ನು ಎದೆಗೆ ಅಪ್ಪಿ ಸಾಕಿದವನು. ಹುಡುಗನಿಗೆ ಹನ್ನೆರಡು ವರ್ಷವಾದಾಗ ರಾಣಿ ತಲೆನೋವಿನ ನೆಪ ಮಾಡಿ ಮಲಗಿದಳು. ಮಂತ್ರಿಯ ಮಾತು ಕೇಳಿದ ವೈದ್ಯ ಹುಲಿಯ ಹಾಲೇ ಔಷಧಿ ಎಂದ. ಮಗ ಕಾಡಿಗೆ ಹೊರಟು ನಿಂತ.

ಆ ರಾತ್ರಿ ಆ ತಂದೆಗೆ ನಿದ್ದೆ ಬಂದಿರುತ್ತದೆಯೇ? ಬಂದಿರಲಾರದು. ಮಗನನ್ನು ತಡೆಯಲಾಗಲಿಲ್ಲ, ಜೊತೆಗೆ ಹೋಗಲೂ ಆಗಲಿಲ್ಲ. ಆದರೆ ಕೈ ಕಟ್ಟಿ ಕೂರಲಿಲ್ಲ. ದಾರಿಗೆ ಬೇಕಾದ ಆಹಾರ ಕಟ್ಟಿದ. ಜೊತೆಗೆ ಶಿವನ ನೆನಪಿಗೆ ಮುಕ್ಕಣ್ಣಿನ ತೆಂಗಿನಕಾಯಿ ಇಟ್ಟ. ನಾವು ತಲೆಯ ಮೇಲೆ ಹೊರುವ ಇರುಮುಡಿಗೆ ಇದೇ ಮೂಲ ಎಂದು ಸಂಪ್ರದಾಯ ಹೇಳುತ್ತದೆ.

ಇರುಮುಡಿಯಲ್ಲಿ ಎರಡು ಭಾಗ. ಮುಂದಿನ ಮುಡಿಯಲ್ಲಿ ತುಪ್ಪ ತುಂಬಿದ ಕಾಯಿ, ಪೂಜಾ ದ್ರವ್ಯ. ಅದು ಸ್ವಾಮಿಯದು, ದಾರಿಯಲ್ಲಿ ಬಿಚ್ಚುವಂತಿಲ್ಲ. ಹಿಂದಿನ ಮುಡಿಯಲ್ಲಿ ನಮ್ಮ ದಾರಿಯ ಖರ್ಚಿನ ಸಾಮಾನು. ಅದು ನಮ್ಮದು, ಬೇಕಾದಾಗ ಬಿಚ್ಚಬೇಕು, ಬಳಸಬೇಕು.

ಮಗುವಿನ ಚಿಂತೆಯನ್ನೂ ಹೀಗೆಯೇ ಕಟ್ಟಬಹುದು. ನನ್ನ ಕೈಯಿಂದ ಆಗುವ ಕೆಲಸವೆಲ್ಲ ಹಿಂದಿನ ಮುಡಿಗೆ. ನನ್ನ ಕೈಯಲ್ಲಿ ಇಲ್ಲದ್ದೆಲ್ಲ ಮುಂದಿನ ಮುಡಿಗೆ. ಎರಡೂ ಕಲಸಿಹೋದಾಗಲೇ ತೊಂದರೆ. ವೈದ್ಯರಿಗೆ ತೋರಿಸಬೇಕಾದ್ದನ್ನು "ಸ್ವಾಮಿ ನೋಡಿಕೊಳ್ಳುತ್ತಾನೆ" ಎಂದು ಬಿಟ್ಟರೆ ಅದು ಭಕ್ತಿಯಲ್ಲ, ಸೋಮಾರಿತನ. ಸ್ವಾಮಿಗೆ ಬಿಡಬೇಕಾದ್ದನ್ನು ರಾತ್ರಿ ಮೂರು ಗಂಟೆಗೆ ಮೊಬೈಲಿನಲ್ಲಿ ಹುಡುಕುತ್ತಾ ಕೂತರೆ ಅದು ಕಾಳಜಿಯಲ್ಲ, ಸಂಕಟ.

4. ಹಿಂದಿನ ಮುಡಿ: ನಮ್ಮ ಕೈಯ ಕೆಲಸ

ಸಪೋರ್ಟ್ ಕೆಲಸ ಮಾಡುವವರಿಗೆ ಗೊತ್ತು, ಬರುವ ಟಿಕೆಟ್ ಎಲ್ಲವೂ ಪಿ-1 ಅಲ್ಲ. ಸರ್ವರ್ ಬಿದ್ದರೆ ಊಟ ಬಿಟ್ಟು ಓಡುತ್ತೇವೆ, ಪ್ರಿಂಟರ್ ನಿಂತರೆ ಸರದಿಯಲ್ಲಿ ನೋಡುತ್ತೇವೆ. ಮಗುವಿನ ವಿಷಯದಲ್ಲೂ ಯಾವುದು ಯಾವ ದರ್ಜೆ ಎಂದು ಮೊದಲೇ ಬರೆದಿಟ್ಟರೆ ಅರ್ಧ ಭಯ ಇಳಿಯುತ್ತದೆ. ಈ ಪಟ್ಟಿಯನ್ನು ಫ್ರಿಜ್ ಬಾಗಿಲಿಗೆ ಅಂಟಿಸಿ.

*ಪಿ-1: ಈಗಲೇ ಆಸ್ಪತ್ರೆಗೆ (108ಕ್ಕೆ ಫೋನ್ ಮಾಡಿ, ಇಲ್ಲವೇ ಸಿಕ್ಕ ವಾಹನದಲ್ಲಿ ಹೊರಡಿ)*

- ಮಗು ಹಾಲು ನೀರು ಏನೂ ಕುಡಿಯಲಾರದು, ಅಥವಾ ಕುಡಿದದ್ದೆಲ್ಲ ವಾಂತಿ
- ಫಿಟ್ಸ್ ಬಂದರೆ
- ಎಬ್ಬಿಸಿದರೂ ಸರಿಯಾಗಿ ಎಚ್ಚರವಾಗದಷ್ಟು ಮಂಪರು
- ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಎದೆ ಒಳಗೆ ಸೇದಿಕೊಂಡರೆ, ತುಟಿ ನೀಲಿಯಾದರೆ
- ಉಸಿರು ಬಹಳ ವೇಗವಾಗಿದ್ದರೆ. ಮಗು ಅಳದೆ ಶಾಂತವಾಗಿದ್ದಾಗ ಪೂರ್ತಿ ಒಂದು ನಿಮಿಷ ಎಣಿಸಿ. ಎರಡು ತಿಂಗಳೊಳಗಿನ ಮಗುವಿಗೆ 60, ಎರಡು ತಿಂಗಳಿಂದ ಒಂದು ವರ್ಷದವರೆಗೆ 50, ಒಂದರಿಂದ ಐದು ವರ್ಷದವರೆಗೆ 40 ಅಥವಾ ಹೆಚ್ಚು ಇದ್ದರೆ ತಡ ಬೇಡ
- ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಹೆಚ್ಚು ಜ್ವರ

*ಪಿ-2: ಇವತ್ತು ಅಥವಾ ನಾಳೆ ವೈದ್ಯರಿಗೆ ತೋರಿಸಿ*

ಮೂರು ದಿನವಾದರೂ ಇಳಿಯದ ಜ್ವರ, ಕಿವಿನೋವು, ಭೇದಿಯಲ್ಲಿ ರಕ್ತ, ಮೈಮೇಲೆ ದದ್ದು, ಉಣ್ಣುವುದು ಅರ್ಧಕ್ಕಿಂತ ಕಡಿಮೆಯಾದರೆ. ಉಚ್ಚೆ ಕಡಿಮೆಯಾದರೆ ಅವತ್ತೇ ತೋರಿಸಿ. ಎರಡು ವಾರಕ್ಕೂ ಹೆಚ್ಚು ಎಳೆದ ಕೆಮ್ಮನ್ನೂ ತೋರಿಸಲೇಬೇಕು.

*ಪಿ-3: ಮನೆಯಲ್ಲೇ ನೋಡಿಕೊಳ್ಳಿ*

ಮೂಗು ಸೋರುವುದು, ಸಣ್ಣ ಕೆಮ್ಮು, ಆಟ ಆಡುತ್ತಲೇ ಇರುವ ಮಗುವಿನ ಸಣ್ಣ ಜ್ವರ.

ಫಿಟ್ಸ್ ಬಗ್ಗೆ ಒಂದು ಮಾತು. ಆರು ತಿಂಗಳಿಂದ ಐದು ವರ್ಷದ ನಡುವೆ ಕೆಲವು ಮಕ್ಕಳಿಗೆ ಜ್ವರದ ಜೊತೆ ಫಿಟ್ಸ್ ಬರುತ್ತದೆ. ನೋಡಲು ಭಯಂಕರ, ಆದರೆ ಹೆಚ್ಚಿನವು ಐದು ನಿಮಿಷದೊಳಗೆ ತಾವೇ ನಿಲ್ಲುತ್ತವೆ. ಮಗುವನ್ನು ಒಂದು ಪಕ್ಕಕ್ಕೆ ಮಲಗಿಸಿ, ಗಡಿಯಾರ ನೋಡಿ. ಬಾಯಿಗೆ ಚಮಚ, ನೀರು, ಬೆರಳು ಏನೂ ಹಾಕಬೇಡಿ. ಕೈಯಲ್ಲಿ ಕಬ್ಬಿಣ ಹಿಡಿಸಿ, ಈರುಳ್ಳಿ ಮೂಸಿಸಿ ಹೊತ್ತು ಕಳೆಯಬೇಡಿ. ನಿಂತರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಐದು ನಿಮಿಷ ದಾಟಿದರೆ 108.

ಇನ್ನು ಮನೆಯ ಔಷಧಿ ಡಬ್ಬಿ.

ಪ್ಯಾರಾಸಿಟಮಾಲ್. ಡೋಸ್ ಮಗುವಿನ ತೂಕದ ಮೇಲೆ ಹೋಗುತ್ತದೆ, ವಯಸ್ಸಿನ ಮೇಲಲ್ಲ. ಅಂಗಡಿಯಲ್ಲಿ ಸಿಗುವ ಹನಿ ಔಷಧಿಯಲ್ಲಿ ಸಾಮಾನ್ಯವಾಗಿ 1 ಮಿ.ಲೀ.ಗೆ 100 ಮಿ.ಗ್ರಾಂ., ಸಿರಪ್‌ನಲ್ಲಿ 5 ಮಿ.ಲೀ.ಗೆ 125 ಅಥವಾ 250 ಮಿ.ಗ್ರಾಂ. ಇರುತ್ತದೆ. ಊರಿಂದ ತಂದ ಬಾಟಲಿ ಒಂದು, ಇಲ್ಲಿ ಬರೆದುಕೊಟ್ಟದ್ದು ಇನ್ನೊಂದು ಆಗಿದ್ದರೆ ಅದೇ ಐದು ಮಿ.ಲೀ. ಎರಡು ಪಟ್ಟಾಗಬಹುದು. ಲೇಬಲ್ ಓದಿ, ಅಳತೆಯ ಮುಚ್ಚಳ ಅಥವಾ ಸಿರಿಂಜಿನಲ್ಲೇ ಕೊಡಿ. ಮಕ್ಕಳಿಗೆ ಆಸ್ಪಿರಿನ್ ಬೇಡ.

ಮರಾಠಿ ಬಾರದ ತಾಯಂದಿರು. ನಮ್ಮಲ್ಲಿ ಎಷ್ಟೋ ತಂಗಿಯರು ಮದುವೆಯಾಗಿ ನೇರ ಇಲ್ಲಿಗೆ ಬಂದವರು. ವೈದ್ಯರು ಮರಾಠಿ, ಹಿಂದಿಯಲ್ಲಿ ಹೇಳಿದ್ದು ಅರ್ಧ ತಲುಪುತ್ತದೆ. ಎಷ್ಟು ಮಿ.ಲೀ., ದಿನಕ್ಕೆ ಎಷ್ಟು ಸಲ, ಎಷ್ಟು ದಿನ ಎಂಬ ಮೂರು ಅಂಕಿ ಬರೆಸಿಕೊಳ್ಳಿ. ಮನೆಗೆ ಬಂದು ಬಾಟಲಿಯ ಮೇಲೆ ಕನ್ನಡದಲ್ಲಿ ಚೀಟಿ ಅಂಟಿಸಿ.

ಕೆಮ್ಮಿನ ಸಿರಪ್. ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ವಿಷ ಬೆರೆತ ಸಿರಪ್ ಕುಡಿದು ಮಕ್ಕಳು ತೀರಿಕೊಂಡ ಸುದ್ದಿ ನೆನಪಿದೆಯಲ್ಲ? ಅದರ ಹಿಂದೆಯೇ, 2025ರ ಅಕ್ಟೋಬರ್‌ನಲ್ಲಿ, ಕೇಂದ್ರ ಸರ್ಕಾರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಸೂಚನೆ ಹೊರಡಿಸಿತು: ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಔಷಧಿ ಕೊಡಬಾರದು, ಐದು ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಬೇಡ. ಮೆಡಿಕಲ್ ಅಂಗಡಿಯಲ್ಲಿ ನಾವೇ ಕೇಳಿ ತರುವುದು ನಿಲ್ಲಲಿ. ಬೆಚ್ಚಗಿನ ನೀರು, ಗಂಜಿ, ಎದೆಹಾಲು, ಮೂಗಿಗೆ ಸಲೈನ್ ಹನಿ ಸಾಕು. ಜೇನುತುಪ್ಪ ಒಂದು ವರ್ಷ ತುಂಬಿದ ಮೇಲೆ ಮಾತ್ರ.

ಆಂಟಿಬಯಾಟಿಕ್. ವೈರಸ್ ಜ್ವರಕ್ಕೆ ಅದು ಕೆಲಸ ಮಾಡುವುದಿಲ್ಲ. ಕಳೆದ ಸಲ ಉಳಿದದ್ದನ್ನು ಈ ಸಲ ಕೊಡಬೇಡಿ. ವೈದ್ಯರು ಬರೆದರೆ ನಡುವೆ ನಿಲ್ಲಿಸಬೇಡಿ.

ಭೇದಿಯಾದರೆ ಒಆರ್‌ಎಸ್. ಪ್ಯಾಕೆಟ್ ಮೇಲೆ ಬರೆದಷ್ಟೇ ನೀರಿಗೆ ಪೂರ್ತಿ ಪ್ಯಾಕೆಟ್ ಹಾಕಿ. ಡಬ್ಬಿಯಲ್ಲಿ ಬರುವ ಸಿಹಿ ಜ್ಯೂಸ್ ಒಆರ್‌ಎಸ್ ಅಲ್ಲ. ಜೊತೆಗೆ ಜಿಂಕ್ ಎಷ್ಟು ದಿನ ಎಂದು ವೈದ್ಯರನ್ನು ಕೇಳಿ.

ಬರೆ ಹಾಕುವುದು. ನಮ್ಮ ಕಡೆ ಇನ್ನೂ ಅಲ್ಲಲ್ಲಿ ಕೂಸಿನ ಹೊಟ್ಟೆಗೆ ಬರೆ ಹಾಕುತ್ತಾರೆ. ಯಾರು ಹೇಳಿದರೂ, ಎಷ್ಟೇ ಹಿರಿಯರಾದರೂ, ಕೈ ಮುಗಿದು ಬೇಡ ಎನ್ನಿ. ಹುಲಿಯ ಹಾಲು ಬರೆದುಕೊಟ್ಟವನೂ ವೈದ್ಯನೇ ಆಗಿದ್ದ, ಅದರ ಹಿಂದೆ ಏನಿತ್ತು ಎಂದು ಕಥೆ ಬಲ್ಲ ನಮಗೆ ಗೊತ್ತು. ಸಲಹೆ ಯಾರಿಂದ ಬಂತು ಎಂದು ನೋಡುವುದು ಅಪನಂಬಿಕೆಯಲ್ಲ.

ಇನ್ನೊಂದು ವಿಷಯ ಮಾಲಾಧಾರಿಗಳ ಮನೆಗೇ ಸೇರಿದ್ದು. ದಿನಕ್ಕೆರಡು ಹೊತ್ತು ಪೂಜೆ, ಅಗರಬತ್ತಿ, ಕರ್ಪೂರ. ಒಂದು ಬಿಎಚ್‌ಕೆ ಮನೆಯಲ್ಲಿ ಕಿಟಕಿ ಮುಚ್ಚಿ ಹಚ್ಚಿದರೆ ಆ ಹೊಗೆ ಮಗುವಿನ ಎದೆಗೆ ಹೋಗುತ್ತದೆ. ಗೊರಗೊರ ಇರುವ ಮಗುವಿದ್ದರೆ ತುಪ್ಪದ ದೀಪವೊಂದೇ ಸಾಕು, ಸ್ವಾಮಿ ಒಪ್ಪುತ್ತಾನೆ. ಕರ್ಪೂರದ ಡಬ್ಬಿಯನ್ನು ಮಗುವಿನ ಕೈಗೆ ಎಟುಕದಂತೆ ಇಡಿ. ಸಣ್ಣ ಮಕ್ಕಳು ಕರ್ಪೂರ ನುಂಗಿದರೆ ಫಿಟ್ಸ್ ಬರುತ್ತದೆ, ಒಂದೆರಡು ಬಿಲ್ಲೆಯೂ ಅಪಾಯ. ಮೂಗಿನ ಹತ್ತಿರ ಕರ್ಪೂರದ ಎಣ್ಣೆ ಹಚ್ಚುವುದೂ ಬೇಡ.

ವ್ರತದಿಂದ ಮಗುವಿಗೆ ಸಿಗುವ ದೊಡ್ಡ ಔಷಧಿಯೂ ಒಂದಿದೆ. 41 ದಿನ ನಾವು ಸಿಗರೇಟು ಮುಟ್ಟುವುದಿಲ್ಲ. ದೊಡ್ಡವರು ಸೇದುವ ಮನೆಯ ಮಕ್ಕಳಿಗೆ ಕಿವಿಯ ಸೋಂಕು, ಉಬ್ಬಸ, ನ್ಯುಮೋನಿಯಾ ಹೆಚ್ಚು. ಮಾಲೆ ತೆಗೆದ ದಿನವೇ ಬಾಲ್ಕನಿಯಲ್ಲಿ ಮತ್ತೆ ಹಚ್ಚಿದರೆ ಅದೆಲ್ಲ ವಾಪಸ್. ಮಗುವಿಗಾಗಿ ಹರಕೆ ಹೊರುವವರು ಬೇರೆ ಹರಕೆ ಹುಡುಕಬೇಕಿಲ್ಲ, 42ನೆಯ ದಿನವೂ ಸೇದದಿರುವುದೇ ಹರಕೆ.

ಕೊನೆಯದಾಗಿ ಒಂದು ನೋಟ್‌ಬುಕ್. ತಾರೀಕು, ಜ್ವರ ಎಷ್ಟು, ಏನು ಕೊಟ್ಟೆವು, ಎಷ್ಟು ದಿನ ಇತ್ತು, ತಿಂಗಳಿಗೊಮ್ಮೆ ತೂಕ. ತಾಯಿ ಕಾರ್ಡ್, ಲಸಿಕೆ ದಾಖಲೆ ಅದರಲ್ಲೇ ಇರಲಿ. ಊರು ಬಿಟ್ಟು ಬಂದ ಗಡಿಬಿಡಿಯಲ್ಲಿ ಲಸಿಕೆ ತಪ್ಪಿದ್ದರೆ ಈ ವಾರವೇ ಕೇಳಿ ಹಾಕಿಸಿ. ನ್ಯುಮೋನಿಯಾ ತಡೆಯುವ ಪಿಸಿವಿ, ಭೇದಿ ತಡೆಯುವ ರೋಟಾವೈರಸ್ ಲಸಿಕೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ನೋಟ್‌ಬುಕ್ ತೋರಿಸಿ ವೈದ್ಯರನ್ನು ನೇರವಾಗಿ ಕೇಳಿ: "ಇದು ಸಾಮಾನ್ಯವೋ, ಪರೀಕ್ಷೆ ಬೇಕೋ?" ವರ್ಷದಲ್ಲಿ ಎರಡು ಸಲ ನ್ಯುಮೋನಿಯಾ, ನಾಲ್ಕೋ ಹೆಚ್ಚೋ ಸಲ ಕಿವಿಯ ಸೋಂಕು, ಏರದ ತೂಕ, ತಿಂಗಳುಗಟ್ಟಲೆ ಆಂಟಿಬಯಾಟಿಕ್ ಕೊಟ್ಟರೂ ಗುಣವಾಗದಿರುವುದು, ರಾತ್ರಿಯ ಕೆಮ್ಮಿನ ಜೊತೆ ಸಿಳ್ಳೆ ಸದ್ದು, ಮನೆಯಲ್ಲಿ ಯಾರಿಗಾದರೂ ಟಿಬಿ ಇದ್ದಿದ್ದು, ಇವುಗಳಲ್ಲಿ ಯಾವುದಿದ್ದರೂ ಮುಚ್ಚಿಡದೆ ಹೇಳಿ.

ರಾತ್ರಿಯ ಯೋಜನೆಯೂ ಈಗಲೇ ಆಗಲಿ. ಸಂಜೆ ಆರರ ನಂತರ ಫೇಸ್-3ರಿಂದ ವಾಕಡ್ ಕಡೆ ಹೊರಟರೆ ಎಷ್ಟು ಹೊತ್ತು ಎಂದು ನಿಮಗೇ ಗೊತ್ತು. ಹತ್ತಿರದಲ್ಲಿ ರಾತ್ರಿ ಮಕ್ಕಳ ವೈದ್ಯರು ಇರುವ ಆಸ್ಪತ್ರೆ ಯಾವುದು ಎಂದು ಹಗಲಲ್ಲೇ ವಿಚಾರಿಸಿ. ಹಣದ ಅಡಚಣೆ ಇದ್ದವರಿಗೆ ಪಿಂಪ್ರಿಯಲ್ಲಿ ಮಹಾನಗರ ಪಾಲಿಕೆಯ ಯಶವಂತರಾವ್ ಚವ್ಹಾಣ್ ಸ್ಮಾರಕ ಆಸ್ಪತ್ರೆ ಇದೆ, ಔಂಧ್‌ನಲ್ಲಿ ಜಿಲ್ಲಾ ಆಸ್ಪತ್ರೆ ಇದೆ.

5. ಮುಂದಿನ ಮುಡಿ: ಸ್ವಾಮಿಗೆ ಬಿಡುವುದು

ಇಷ್ಟೆಲ್ಲ ಮಾಡಿದ ಮೇಲೂ ಎದೆಯಲ್ಲಿ ಉಳಿಯುವುದೊಂದಿದೆ. "ಮುಂದಿನ ವಾರ ಮತ್ತೆ ಬಂದರೆ? ಇದು ಬೇರೆ ಏನಾದರೂ ಆಗಿದ್ದರೆ?" ಇದಕ್ಕೆ ಔಷಧಿ ಅಂಗಡಿಯಲ್ಲಿಲ್ಲ. ಬಿಟ್ಟುಬಿಡು ಅಂದರೆ ಬಿಡುವುದೂ ಇಲ್ಲ. ಅದಕ್ಕೂ ವ್ರತದ ಹಾಗೆ ನಿಯಮ ಬೇಕು.

*ಚಿಂತೆಗೆ ಹೊತ್ತು ಗೊತ್ತುಮಾಡಿ.* ಸಂಜೆ ಪೂಜೆಗೆ ಮೊದಲು ಹದಿನೈದು ನಿಮಿಷ, ಗಂಡ ಹೆಂಡತಿ ಒಟ್ಟಿಗೆ ಕೂತು ಭಯವಿದ್ದದ್ದೆಲ್ಲ ಹೇಳಿಕೊಳ್ಳಿ, ಬರೆಯಿರಿ. ಕೆಲಸ ಇರುವುದಕ್ಕೆ ಕೆಲಸ ಬರೆಯಿರಿ, ಇಲ್ಲದ್ದಕ್ಕೆ "ಸ್ವಾಮಿಗೆ" ಎಂದು ಬರೆಯಿರಿ. ಆಮೇಲೆ ಪುಸ್ತಕ ಮುಚ್ಚಿ ದೀಪ ಹಚ್ಚಿ. ರಾತ್ರಿ ಮತ್ತೆ ನೆನಪಾದರೆ, "ನಾಳೆ ಸಂಜೆ ಹೊತ್ತಿದೆ" ಎಂದು ಮನಸ್ಸಿಗೆ ಹೇಳಿ. ಮೊದಲ ದಿನಗಳಲ್ಲಿ ಮನಸ್ಸು ಕೇಳುವುದಿಲ್ಲ, ವಾರದಲ್ಲಿ ಸ್ವಲ್ಪ ಕೇಳುತ್ತದೆ.

*ಶರಣಿನ ಜೊತೆ ಉಸಿರು.* ಮಗುವಿನ ಪಕ್ಕ ಕೂತಾಗ ಮೂಗಿನಿಂದ ಉಸಿರೆಳೆದು, ಬಿಡುವಾಗ ನಿಧಾನವಾಗಿ ಮನಸ್ಸಿನಲ್ಲೇ "ಸ್ವಾಮಿಯೇ ಶರಣಂ ಅಯ್ಯಪ್ಪ" ಎನ್ನಿ. ಬಿಡುವ ಉಸಿರು ಎಳೆದದ್ದಕ್ಕಿಂತ ಉದ್ದವಾಗಿರಲಿ. ಹತ್ತು ಸಲ ಸಾಕು, ಎದೆಬಡಿತ ಇಳಿಯುತ್ತದೆ. ತಂದೆಯ ಕೈ ನಡುಗದಿದ್ದರೆ ಮಗುವಿಗೂ ಧೈರ್ಯ.

*ರಾತ್ರಿಗೆ ಪಾಳಿ.* ಇಬ್ಬರೂ ಬೆಳಗಾಗುವವರೆಗೆ ಎಚ್ಚರ ಇದ್ದರೆ ಮಗುವಿಗೆ ಲಾಭವಿಲ್ಲ. ಹತ್ತರಿಂದ ಎರಡು ಒಬ್ಬರು, ಎರಡರಿಂದ ಆರು ಇನ್ನೊಬ್ಬರು. ಹೇಗೂ ನಾವು ನೆಲದ ಮೇಲೆ ಚಾಪೆಯಲ್ಲೇ ಮಲಗುವುದು, ಆ ಚಾಪೆ ಮಗುವಿನ ಹಾಸಿಗೆಯ ಪಕ್ಕ ಇರಲಿ. ಹೆಂಡತಿಗೆ ನಾಲ್ಕು ಗಂಟೆ ನಿದ್ದೆ ಕೊಡುವುದೂ ಸೇವೆಯೇ.

*ಫಾರ್ವರ್ಡ್‌ಗೆ ಬಾಗಿಲು.* 2025ರ ಜನವರಿ ನೆನಪಿಸಿಕೊಳ್ಳಿ. ಪುಣೆಯ ಸಿಂಹಗಡ ರಸ್ತೆ ಕಡೆ ಜಿಬಿಎಸ್ ಪ್ರಕರಣಗಳು ಹೆಚ್ಚಾದಾಗ ನಮ್ಮ ಮೊಬೈಲುಗಳಲ್ಲಿ ಎಷ್ಟು ಭಯ ಹರಿದಾಡಿತು. ಆರೋಗ್ಯ ಇಲಾಖೆ ಹೇಳಿದ್ದು ಸರಳ: ಕುದಿಸಿದ ನೀರು ಕುಡಿಯಿರಿ, ಚೆನ್ನಾಗಿ ಬೇಯಿಸಿದ್ದನ್ನು ಉಣ್ಣಿ, ಕೈಕಾಲಲ್ಲಿ ಶಕ್ತಿ ಇಳಿದರೆ ಕೂಡಲೇ ಆಸ್ಪತ್ರೆಗೆ ಬನ್ನಿ. ಅದು ಹಿಂದಿನ ಮುಡಿಗೆ ಸೇರಬೇಕಾದ್ದು. ಉಳಿದ ಆಡಿಯೋ, ವಿಡಿಯೋ ಯಾವ ಮುಡಿಗೂ ಸೇರುವುದಿಲ್ಲ, ಅಳಿಸಿಬಿಡಿ. ರಾತ್ರಿ ಹತ್ತರ ಮೇಲೆ ರೋಗದ ಹೆಸರು ಹುಡುಕುವುದಿಲ್ಲ ಎಂಬುದನ್ನು ವ್ರತದ ನಿಯಮಗಳಿಗೆ ಸೇರಿಸಿಕೊಳ್ಳಿ. ಸಂಶಯ ಬಂದರೆ ಪಿ-1 ಪಟ್ಟಿ ನೋಡಿ. ಅದರಲ್ಲಿದ್ದರೆ ಹೊರಡಿ, ಇಲ್ಲದಿದ್ದರೆ ಬೆಳಗ್ಗೆ ಕೇಳಿ.

ಕೆಲವೊಮ್ಮೆ ಚಿಂತೆಯೇ ಕಾಯಿಲೆಯಾಗುತ್ತದೆ. ಮಗು ಚೆನ್ನಾಗಿದ್ದರೂ ಹತ್ತು ನಿಮಿಷಕ್ಕೊಮ್ಮೆ ಥರ್ಮಾಮೀಟರ್ ಇಡುವುದು, ಎರಡು ವಾರದಿಂದ ನಿದ್ದೆ ಊಟ ಇಲ್ಲದಿರುವುದು, ಎದೆ ಹಿಡಿದಂತಾಗುವುದು, ಬದುಕೇ ಬೇಡ ಅನಿಸುವುದು. ಹೆತ್ತು ಕೆಲವು ತಿಂಗಳಾದ ತಾಯಂದಿರಲ್ಲಿ ಇದನ್ನು ಇನ್ನೂ ಗಮನವಿಟ್ಟು ನೋಡಬೇಕು. ಇದಕ್ಕೆ ನಾಚಿಕೆ ಬೇಡ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಕೇಳಿಕೊಳ್ಳುವುದಕ್ಕೆ ಭಕ್ತಿ ಅಡ್ಡಿಯಲ್ಲ.

6. ಮಾಲೆ ಹಾಕಿದಾಗ ಮಗು ಹುಷಾರಿಲ್ಲದಿದ್ದರೆ

ಮಗುವಿನ ವಾಂತಿ ಒರೆಸುವುದು, ಉಚ್ಚೆ ಬಟ್ಟೆ ತೊಳೆಯುವುದು ಮೈಲಿಗೆ ಎಂದು ದೂರ ನಿಲ್ಲಬೇಡಿ. ಎತ್ತಿಕೊಳ್ಳಿ, ಒರೆಸಿ, ಸ್ನಾನ ಮಾಡಿ, ಶರಣು ಹೇಳಿ. ಅಷ್ಟೇ.

ವ್ರತ ನಿಮ್ಮದು, ಮಗುವಿನದಲ್ಲ. ನಸುಕಿನಲ್ಲಿ ಮಗುವಿಗೆ ತಣ್ಣೀರ ಸ್ನಾನ ಬೇಡ. ವೈದ್ಯರು ಮೊಟ್ಟೆ ಕೊಡಿ ಎಂದಿದ್ದರೆ, ಮಡಿ ಮನೆ ಎಂದು ಮಗುವಿನ ತಟ್ಟೆಯಿಂದ ಕಸಿಯುವ ಮೊದಲು ನಿಮ್ಮ ಗುರುಸ್ವಾಮಿಯನ್ನು ಕೇಳಿ. ಬೇರೆ ಪಾತ್ರೆ, ಬೇರೆ ಒಲೆ ಎಂದು ಏನಾದರೂ ದಾರಿ ಹೇಳುತ್ತಾರೆ. ಮೊಟ್ಟೆ ತಿನ್ನದ ಮನೆಯಾದರೆ ಬೇಳೆ, ಹಾಲು, ಮೊಸರು, ಶೇಂಗಾ ಪುಡಿ ಹೆಚ್ಚು ಮಾಡಿ.

ಹೊರಡುವ ದಿನ ಬಂತು, ಮಗುವಿಗೆ ಜ್ವರ. ಏನು ಮಾಡುವುದು? ಪಿ-3 ಇದ್ದು, ಮನೆಯಲ್ಲಿ ಇನ್ನೊಬ್ಬ ದೊಡ್ಡವರಿದ್ದು, ಹೆಂಡತಿ ಮನಸಾರೆ "ಹೋಗಿ ಬನ್ನಿ" ಎಂದರೆ ಹೋಗಿ. ಪಿ-1, ಪಿ-2 ಇದ್ದರೆ, ಅಥವಾ ಅವಳು ಒಬ್ಬಳೇ ಆಗುವುದಾದರೆ, ಗುರುಸ್ವಾಮಿಗೆ ಹೇಳಿ ನಿಲ್ಲಿ. ವರ್ಚುವಲ್ ಕ್ಯೂ ಬುಕಿಂಗ್ ರದ್ದು ಮಾಡಿದರೆ ಆ ಜಾಗ ಇನ್ನೊಬ್ಬ ಸ್ವಾಮಿಗೆ ಸಿಗುತ್ತದೆ. ಸನ್ನಿಧಾನದ ಬಾಗಿಲು ಮಂಡಲ, ಮಕರವಿಳಕ್ಕಿಗೆ ಮಾತ್ರ ತೆರೆಯುವುದಲ್ಲ, ಪ್ರತಿ ಮಲಯಾಳ ತಿಂಗಳ ಮೊದಲ ಐದು ದಿನವೂ ತೆರೆದಿರುತ್ತದೆ. ಕುಂಭದಲ್ಲೋ ಮೀನದಲ್ಲೋ ಹೋದರೆ ದರ್ಶನವೇನು ಕಡಿಮೆಯಾಗದು. ಮಾಲೆ ಇಟ್ಟುಕೊಳ್ಳುವುದೋ ತೆಗೆಯುವುದೋ, ಹೇಗೆ ತೆಗೆಯುವುದು ಎಂಬುದನ್ನು ಗುರುಸ್ವಾಮಿಯೇ ಹೇಳಲಿ.

ಮಗುವನ್ನೇ ಕನ್ನಿಸ್ವಾಮಿಯಾಗಿ ಕರೆದುಕೊಂಡು ಹೋಗುವ ಆಸೆ ಇದ್ದರೆ ಆತುರ ಬೇಡ. ಪಂಪೆಯಿಂದ ಸನ್ನಿಧಾನಕ್ಕೆ ಸುಮಾರು ಐದು ಕಿಲೋಮೀಟರ್, ನೀಲಿಮಲೆಯ ಏರು, ಗಂಟೆಗಟ್ಟಲೆ ಸರದಿ, ಜನಜಂಗುಳಿ. ಈಗಷ್ಟೇ ಜ್ವರ ಬಿಟ್ಟ ಮಗುವಿಗೆ ಅದು ಕಷ್ಟ. ವೈದ್ಯರು ಸರಿ ಎಂದರೆ ಮಾತ್ರ, ಜನ ಕಡಿಮೆ ಇರುವ ಮಾಸಪೂಜೆಯ ದಿನಗಳಲ್ಲಿ ಕರೆದೊಯ್ಯಿರಿ. ಕೈಗೆ ಹೆಸರು ಮತ್ತು ಫೋನ್ ನಂಬರಿನ ಪಟ್ಟಿ ಕಟ್ಟುವುದನ್ನು ಮರೆಯಬೇಡಿ.

7. ಮದುವೆಯಾಗದ ಸ್ವಾಮಿಗಳು ಏನು ಮಾಡಬಹುದು?

ನಮ್ಮ ತಂಡದಲ್ಲಿ ಅರ್ಧಕ್ಕಿಂತ ಹೆಚ್ಚು ನೀವೇ. ಒಬ್ಬ ಸ್ವಾಮಿಯ ಮಗು ಆಸ್ಪತ್ರೆಯಲ್ಲಿದೆ ಎಂದು ಕೇಳಿದಾಗ ಗುಂಪಿನಲ್ಲಿ ಕೈ ಮುಗಿದ ಚಿಹ್ನೆ ಹಾಕಿ ಸುಮ್ಮನಾಗಬೇಡಿ. ಒಬ್ಬರು ಡಬ್ಬಿ ಒಯ್ಯಿರಿ, ಒಬ್ಬರು ಬೈಕ್ ತೆಗೆದು ಔಷಧಿ ತನ್ನಿ, ಒಬ್ಬರು ಮರಾಠಿ ಮಾತಾಡಲು ಜೊತೆಗೆ ಹೋಗಿ. ನೆಗಡಿ ಇದ್ದವರು ಮಾತ್ರ ಮಗುವಿನ ಹತ್ತಿರ ಹೋಗಬೇಡಿ. "ನಮ್ಮ ಅಕ್ಕನ ಮಗೂಗೂ ಹಿಂಗೇ ಶುರುವಾಗಿತ್ತು" ಎಂಬ ಕಥೆ ಬೇಡ, "ನಾನು ಏನು ಮಾಡಲಿ ಸ್ವಾಮಿ?" ಎಂಬ ಪ್ರಶ್ನೆ ಸಾಕು. ಮಲೆ ಏರುವಾಗ ಸುಸ್ತಾದವರ ಬೆನ್ನಿಗೆ ಕೈ ಕೊಡುತ್ತೇವಲ್ಲ, ಇದೂ ಅದೇ.

ಈ ವಾರದ ಅಭ್ಯಾಸ

1. ಪಿ-1, ಪಿ-2, ಪಿ-3 ಪಟ್ಟಿ ಬರೆದು ಮನೆಯಲ್ಲಿ ಅಂಟಿಸಿ. ಮಗು ಮಲಗಿದಾಗ ಒಂದು ನಿಮಿಷ ಉಸಿರು ಎಣಿಸಿ ಅಭ್ಯಾಸ ಮಾಡಿಕೊಳ್ಳಿ, ಚೆನ್ನಾಗಿರುವಾಗ ಎಷ್ಟಿರುತ್ತದೆ ಎಂದು ಗೊತ್ತಾಗುತ್ತದೆ.
2. ಔಷಧಿ ಡಬ್ಬಿ ತೆರೆದು ಹಳೆಯದು, ತಾರೀಕು ಮುಗಿದದ್ದು ತೆಗೆದುಹಾಕಿ. ಕರ್ಪೂರ ಮೇಲಿನ ಶೆಲ್ಫಿಗೆ.
3. ಸಂಜೆ ಹದಿನೈದು ನಿಮಿಷ ಎರಡು ಮುಡಿಯ ಪುಸ್ತಕ, ಏಳು ದಿನ.
4. ಲಸಿಕೆ ಕಾರ್ಡ್ ನೋಡಿ, ಬಾಕಿ ಇದ್ದರೆ ಹಾಕಿಸಿ.

ಯೋಚಿಸಲು

- ನನ್ನ ಚಿಂತೆಗಳಲ್ಲಿ ಹಿಂದಿನ ಮುಡಿಗೆ ಸೇರಬೇಕಾದ ಯಾವ ಕೆಲಸವನ್ನು ನಾನು ಸ್ವಾಮಿಯ ಮೇಲೆ ಹಾಕಿ ಕೂತಿದ್ದೇನೆ?
- ಸ್ವಾಮಿಗೆ ಬಿಡಬೇಕಾದ ಯಾವುದನ್ನು ಇನ್ನೂ ಗಟ್ಟಿ ಹಿಡಿದಿದ್ದೇನೆ?
- ಮಗುವಿನ ತಾಯಿ ಕೊನೆಯ ಸಲ ನಿಶ್ಚಿಂತೆಯಿಂದ ನಿದ್ದೆ ಮಾಡಿದ್ದು ಯಾವತ್ತು?

ಇರುಮುಡಿಯ ಭಾರ ದಾರಿಯಲ್ಲಿ ಕಡಿಮೆಯಾಗುವುದಿಲ್ಲ. ಸರಿಯಾಗಿ ಕಟ್ಟಿದರೆ ತಲೆಯ ಮೇಲೆ ನಿಲ್ಲುತ್ತದೆ, ಹೊತ್ತು ನಡೆಯಬಹುದು. ಮಕ್ಕಳು ಐದು ಆರು ವರ್ಷ ದಾಟುವ ಹೊತ್ತಿಗೆ ಈ ನೆಗಡಿಗಳೂ ತಾವಾಗಿಯೇ ಕಡಿಮೆಯಾಗುತ್ತವೆ. ಅಲ್ಲಿಯವರೆಗೆ ಒಬ್ಬರಿಗೊಬ್ಬರು ಕೈ ಕೊಟ್ಟು ನಡೆಯೋಣ.

ಎಲ್ಲರ ಮನೆಯ ಮಕ್ಕಳನ್ನೂ ಮಣಿಕಂಠ ಕಾಯಲಿ.

ಸ್ವಾಮಿ ಶರಣಂ.